ಮನೆಗೆ ಮ್ಯಾನೇಜ್ಡ್ ಸ್ವಿಚ್: ಎಡವುವುದೆಲ್ಲ ಪಿವಿಐಡಿಯಲ್ಲೇ

ನೆಟ್‌ವರ್ಕ್ ನಿಧಾನ ಎಂಬ ಕಾರಣಕ್ಕೆ ಮ್ಯಾನೇಜ್ಡ್ ಸ್ವಿಚ್ (ಪ್ರತಿ ಪೋರ್ಟ್ ಹೇಗೆ ವರ್ತಿಸಬೇಕೆಂದು ನಾವೇ ಹೊಂದಿಸಬಹುದಾದ ನೆಟ್‌ವರ್ಕ್ ಸ್ವಿಚ್) ಕೊಂಡರೆ ದುಡ್ಡು ದಂಡ. ಗಿಗಾಬಿಟ್ ಪೋರ್ಟ್ ಗಿಗಾಬಿಟ್ಟೇ, ಮ್ಯಾನೇಜ್ಡ್ ಆದ ಮಾತ್ರಕ್ಕೆ ಜೋರಾಗಿ ಓಡುವುದಿಲ್ಲ. ಲಿಂಕ್ 100 ಎಂಬಿಪಿಎಸ್‌ಗೆ ಇಳಿದಿದ್ದರೆ ಮೊದಲು ಕೇಬಲ್ ನೋಡಿ: ಗಿಗಾಬಿಟ್‌ಗೆ 4 ಜೋಡಿ ತಂತಿಯೂ ಬೇಕು, ಒಂದು ಕಡಿದರೂ 100ಕ್ಕೆ ಬೀಳಬಹುದು. ಮ್ಯಾನೇಜ್ಡ್ ಸ್ವಿಚ್ ಬೇಕಾಗುವುದು ಬೇರ್ಪಡಿಸುವುದಕ್ಕೆ. ಕ್ಯಾಮೆರಾ, ಟಿವಿ, ಸ್ಮಾರ್ಟ್ ಬಲ್ಬ್ ಒಂದು ಕಡೆ. ಲ್ಯಾಪ್‌ಟಾಪ್, ನ್ಯಾಸ್ (ಫೈಲ್ ಕೂಡಿಡುವ ಡಬ್ಬಿ) ಇನ್ನೊಂದು ಕಡೆ. ಅತಿಥಿಗಳ ಫೋನ್ ಮತ್ತೊಂದು ಕಡೆ.

ಕೊಳ್ಳುವ ಮುನ್ನ ರೂಟರ್ ಪರೀಕ್ಷಿಸಿ. ವಿಎಲ್ಯಾನ್‌ಗಳನ್ನು (ಒಂದೇ ಸ್ವಿಚ್‌ನೊಳಗಿನ ಬೇರೆ ಬೇರೆ ಜಾಲಗಳನ್ನು) ಸ್ವಿಚ್ ವಿಂಗಡಿಸುತ್ತದೆ ಅಷ್ಟೇ. ಪ್ರತಿಯೊಂದಕ್ಕೂ ಸಬ್‌ನೆಟ್ (ಐಪಿ ವಿಳಾಸಗಳ ಗುಂಪು), ಡಿಎಚ್‌ಸಿಪಿ (ಸಾಧನಗಳಿಗೆ ಐಪಿ ಹಂಚುವ ಸೇವೆ), ಫೈರ್‌ವಾಲ್ ನಿಯಮ ಕೊಡಬೇಕಾದ್ದು ರೂಟರ್. ಇಂಟರ್ನೆಟ್ ಕಂಪನಿ ಕೊಟ್ಟ ಡಬ್ಬಿಗೆ ಸಾಮಾನ್ಯವಾಗಿ ಇದು ಬರುವುದಿಲ್ಲ. ಓಪನ್‌ಡಬ್ಲ್ಯೂಆರ್‌ಟಿ ಅಥವಾ ಓಪಿಎನ್‌ಸೆನ್ಸ್ ತಂತ್ರಾಂಶದ ರೂಟರ್, ಇಲ್ಲವೇ ಮೈಕ್ರೋಟಿಕ್ ಕಂಪನಿಯ ರೂಟರ್ ಇದ್ದರೆ ಚಿಂತೆಯಿಲ್ಲ. ವೈಫೈ ಆಕ್ಸೆಸ್ ಪಾಯಿಂಟ್ ಕೂಡ ಒಂದೊಂದು ಎಸ್‌ಎಸ್‌ಐಡಿಯನ್ನು (ವೈಫೈ ಹೆಸರನ್ನು) ಒಂದೊಂದು ವಿಎಲ್ಯಾನ್‌ಗೆ ಕಟ್ಟುವಂತಿರಬೇಕು.

8 ಪೋರ್ಟ್‌ನ ಸ್ವಿಚ್ ಅಂದುಕೊಳ್ಳಿ. ವಿಎಲ್ಯಾನ್ ಸಂಖ್ಯೆಗಳು: ಮುಖ್ಯ ಜಾಲ 10, ಸ್ಮಾರ್ಟ್ ಸಾಮಾನು 20, ಅತಿಥಿ 30. ಸಬ್‌ನೆಟ್‌ನಲ್ಲೂ ಅದೇ ಅಂಕಿ ಇರಲಿ, 192.168.20.0/24 ಎಂಬಂತೆ, ಲಾಗ್ ಓದುವಾಗ ಯಾವ ಜಾಲ ಎಂದು ತಕ್ಷಣ ಗೊತ್ತಾಗುತ್ತದೆ. ಪೋರ್ಟ್ 1 ರೂಟರ್‌ಗೆ, 2 ಆಕ್ಸೆಸ್ ಪಾಯಿಂಟ್‌ಗೆ, ಎರಡರಲ್ಲೂ 10, 20, 30 ಟ್ಯಾಗ್ಡ್ (ಪ್ರತಿ ಫ್ರೇಮ್‌ಗೂ, ಅಂದರೆ ಡೇಟಾ ತುಣುಕಿಗೂ, ವಿಎಲ್ಯಾನ್ ಸಂಖ್ಯೆಯ ಚೀಟಿ ಅಂಟಿರುತ್ತದೆ). 3ರಿಂದ 5 ಮುಖ್ಯ ಜಾಲಕ್ಕೆ, 6 ಮತ್ತು 7 ಸ್ಮಾರ್ಟ್ ಸಾಮಾನಿಗೆ, ಇವೆಲ್ಲ ಅನ್‌ಟ್ಯಾಗ್ಡ್ (ಚೀಟಿ ಇಲ್ಲದೆ). ಪೋರ್ಟ್ 8 ಸ್ವಿಚ್‌ನೊಂದಿಗೇ ಬಂದ ಮೂಲ ವಿಎಲ್ಯಾನ್ 1ರಲ್ಲೇ ಇರಲಿ, ಕೆಲಸ ಮುಗಿಯುವ ತನಕ ಅದನ್ನು ಮುಟ್ಟಬೇಡಿ. ಲ್ಯಾಪ್‌ಟಾಪ್‌ಗೆ ಸ್ಥಿರ ಐಪಿ ಕೊಟ್ಟು ಅಲ್ಲಿಂದಲೇ ಸೆಟ್ಟಿಂಗ್ ಮಾಡಿ. ಇಲ್ಲದಿದ್ದರೆ ಕೂತ ಕೊಂಬೆಯನ್ನೇ ಕಡಿದು, ಕೊನೆಗೆ ರೀಸೆಟ್ ಗುಂಡಿಗೆ ಪಿನ್ನು ಹುಡುಕಬೇಕಾಗುತ್ತದೆ.

ಇನ್ನು ಪಿವಿಐಡಿ. ಟ್ಯಾಗ್ ಇಲ್ಲದೆ ಒಳಬರುವ ಫ್ರೇಮ್ ಯಾವ ವಿಎಲ್ಯಾನ್‌ಗೆ ಸೇರಬೇಕು ಎಂದು ಹೇಳುವುದು ಇದು. ಯಾವ ವಿಎಲ್ಯಾನ್‌ನ ಫ್ರೇಮ್ ಯಾವ ಪೋರ್ಟ್‌ನಿಂದ ಹೊರಹೋಗಬಹುದು ಎಂಬುದು ಸದಸ್ಯತ್ವದ ಪಟ್ಟಿಗೆ ಸೇರಿದ್ದು. ಅಗ್ಗದ ಸ್ಮಾರ್ಟ್ ಸ್ವಿಚ್‌ಗಳಲ್ಲಿ ಇವೆರಡೂ ಬೇರೆ ಬೇರೆ ಪುಟದಲ್ಲಿರುತ್ತವೆ, ಒಂದನ್ನು ಬದಲಿಸಿದರೆ ಇನ್ನೊಂದು ತಾನಾಗಿ ಬದಲಾಗುವುದಿಲ್ಲ. ಪೋರ್ಟ್ 6ನ್ನು 20ಕ್ಕೆ ಸೇರಿಸಿ ಪಿವಿಐಡಿಯನ್ನು 1ರಲ್ಲೇ ಬಿಟ್ಟರೆ, ಹಳೆಯ ಜಾಲ ಇನ್ನೂ 1ರಲ್ಲಿ ಓಡುತ್ತಿರುವಾಗ ಕ್ಯಾಮೆರಾ ಅಲ್ಲಿಂದಲೇ ಐಪಿ ಪಡೆದು ಸುಖವಾಗಿರುತ್ತದೆ. ಎಲ್ಲ ಸರಿಯಿದೆ ಎಂದು ನೀವೂ ಸುಮ್ಮನಾಗುತ್ತೀರಿ, ಬೇರ್ಪಡೆ ಮಾತ್ರ ಆಗಿರುವುದಿಲ್ಲ.

ಉಲ್ಟಾ ತಪ್ಪು ಇನ್ನೂ ತಲೆತಿನ್ನುತ್ತದೆ. ಪಿವಿಐಡಿ 20 ಆಯಿತು, ಆದರೆ ಪೋರ್ಟನ್ನು 1ರ ಸದಸ್ಯತ್ವದಿಂದ ತೆಗೆಯಲಿಲ್ಲ. ಆಗ 1ರ ಬ್ರಾಡ್‌ಕಾಸ್ಟ್ (ಎಲ್ಲರಿಗೂ ಹೋಗುವ ಸಂದೇಶ), ಮಲ್ಟಿಕಾಸ್ಟ್ (ಒಂದು ಗುಂಪಿಗೆ ಹೋಗುವ ಸಂದೇಶ) ಎಲ್ಲ ಇಲ್ಲಿಗೂ ಸೋರುತ್ತದೆ. ಅದರ ಜೊತೆ ಐಪಿವಿ6 ರೂಟರ್ ಪ್ರಕಟಣೆಯೂ (ಈ ಜಾಲದ ವಿಳಾಸ ಹೀಗೆ ಎಂದು ರೂಟರ್ ಸಾರುವ ಸಂದೇಶ) ಬಂದರೆ, ಸಾಧನ ಎರಡು ಜಾಲದ ವಿಳಾಸ ಕಟ್ಟಿಕೊಂಡು ಕೂರುತ್ತದೆ. ಕೆಲವು ಸೈಟ್ ತೆರೆಯುತ್ತವೆ, ಕೆಲವು ನೇತಾಡುತ್ತವೆ. ಆದ್ದರಿಂದ ಪ್ರತಿ ಪೋರ್ಟ್‌ಗೂ ಮೂರು ಕೆಲಸ: ಹೊಸದಕ್ಕೆ ಸೇರಿಸು, ಪಿವಿಐಡಿ ಬದಲಿಸು, 1ರಿಂದ ತೆಗೆ. ನಂತರ ಅದಕ್ಕೆ ಲ್ಯಾಪ್‌ಟಾಪ್ ಚುಚ್ಚಿ ಯಾವ ಐಪಿ ಬಂತೆಂದು ನೋಡಿ. 169.254ರಿಂದ ಶುರುವಾಗುವ ವಿಳಾಸ ಬಂದರೆ ಡಿಎಚ್‌ಸಿಪಿ ಉತ್ತರ ತಲುಪಿಲ್ಲ; ರೂಟರ್ ಕಡೆಯ ಟ್ಯಾಗ್ ಪರಿಶೀಲಿಸಿ. ಮುಗಿದ ಮೇಲೆ ಸೇವ್ ಒತ್ತಿ. ಅನೇಕ ಸ್ವಿಚ್‌ಗಳಲ್ಲಿ ಅಪ್ಲೈ ಮಾಡಿದ್ದು ಚಾಲ್ತಿಯಲ್ಲಿರುವ ಕಾನ್ಫಿಗ್‌ಗೆ ಮಾತ್ರ ಹೋಗುತ್ತದೆ, ಕರೆಂಟ್ ಹೋದರೆ ಅದೂ ಹೋಯಿತು.

ಬೇರ್ಪಡಿಸಿದ ಮೊದಲ ದಿನವೇ ಮನೆಯವರ ದೂರು: ಫೋನ್‌ನಿಂದ ಟಿವಿಗೆ ಕಾಸ್ಟ್ ಆಗುತ್ತಿಲ್ಲ. ಸಾಧನಗಳು ಒಂದನ್ನೊಂದು ಹುಡುಕುವ ಎಂಡಿಎನ್‌ಎಸ್ (224.0.0.251, ಪೋರ್ಟ್ 5353) ತನ್ನ ಸಬ್‌ನೆಟ್ ದಾಟುವುದಿಲ್ಲ. ರೂಟರ್‌ನಲ್ಲಿ ಅವಾಹಿಯಂಥ ರಿಫ್ಲೆಕ್ಟರ್ (ಆ ಹುಡುಕಾಟವನ್ನು ಇನ್ನೊಂದು ಜಾಲಕ್ಕೂ ದಾಟಿಸುವ ತಂತ್ರಾಂಶ) ಹಾಕಿ, 10ರಿಂದ 20ಕ್ಕೆ ಹೋಗಲು ಅನುಮತಿ ಕೊಡಿ, 20ರಿಂದ 10ಕ್ಕೆ ಹೊಸ ಸಂಪರ್ಕ ತಡೆಯಿರಿ. ಐಜಿಎಂಪಿ ಸ್ನೂಪಿಂಗ್ (ಮಲ್ಟಿಕಾಸ್ಟನ್ನು ಕೇಳಿದ ಪೋರ್ಟ್‌ಗಷ್ಟೇ ಕಳಿಸುವ ಸೌಲಭ್ಯ) ಆನ್ ಮಾಡುವುದಾದರೆ ಜಾಲದಲ್ಲಿ ಒಂದು ಕ್ವೆರಿಯರ್ (ಯಾರಿಗೆ ಇನ್ನೂ ಬೇಕೆಂದು ಆಗಾಗ ವಿಚಾರಿಸುವ ಸಾಧನ) ಇರಲೇಬೇಕು. ಇಲ್ಲದಿದ್ದರೆ ಐಪಿಟಿವಿಯಂಥ ಮಲ್ಟಿಕಾಸ್ಟ್ ಹರಿವು ಚೆನ್ನಾಗಿ ಶುರುವಾಗಿ ನಾಲ್ಕೈದು ನಿಮಿಷಕ್ಕೆ ನಿಲ್ಲುತ್ತದೆ. ಮಲ್ಟಿಕಾಸ್ಟ್ ಗುಂಪಿನ ಸದಸ್ಯತ್ವದ ರೂಢಿಯ ಅವಧಿ 260 ಸೆಕೆಂಡ್.

ಪಿಒಇ (ನೆಟ್‌ವರ್ಕ್ ಕೇಬಲ್‌ನಲ್ಲೇ ವಿದ್ಯುತ್) ಬೇಕಿದ್ದರೆ ಪೋರ್ಟ್‌ಗಳ ಸಂಖ್ಯೆಗಿಂತ ಒಟ್ಟು ವ್ಯಾಟ್ ಬಜೆಟ್ ನೋಡಿ. 802.3ಎಎಫ್ ಮಾನದಂಡದ ಪಿಒಇ ಪೋರ್ಟ್ ಒಂದಕ್ಕೆ 15.4 ವ್ಯಾಟ್, ಎಂಟೂ ತುಂಬಿದರೆ 123 ವ್ಯಾಟ್, ಬಜೆಟ್ 60 ಇದ್ದರೆ ರಾತ್ರಿ ಇನ್‌ಫ್ರಾರೆಡ್ ಹೊತ್ತಿದಾಗ ಕೊನೆಯ ಕ್ಯಾಮೆರಾ ಆರಬಹುದು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ಇದಕ್ಕೆ ಬೇಡವೇ ಬೇಡ: ಬಿಸಿಯಾಗುತ್ತದೆ, ವೋಲ್ಟೇಜ್ ಕುಸಿಯುತ್ತದೆ.

ಆರ್‌ಎಸ್‌ಟಿಪಿ (ಕೇಬಲ್ ಸುತ್ತು ಬಿದ್ದರೆ ಜಾಲ ಕುಸಿಯದಂತೆ ತಡೆಯುವ ಸೌಲಭ್ಯ) ಆನ್ ಇರಲಿ. ನ್ಯಾಸ್ ಮತ್ತು ಅದನ್ನು ಹೆಚ್ಚು ಬಳಸುವ ಕಂಪ್ಯೂಟರ್ ಒಂದೇ ವಿಎಲ್ಯಾನ್‌ನಲ್ಲಿರಲಿ, ಬೇರೆಯಾದರೆ ಪ್ರತಿ ಫೈಲೂ ರೂಟರ್‌ಗೆ ಹೋಗಿ ವಾಪಸ್ ಬರಬೇಕು. ಎರಡು ಕೇಬಲ್ ಜೋಡಿಸುವ ಎಲ್‌ಎಸಿಪಿ ಇದಕ್ಕೆ ಮದ್ದಲ್ಲ. ಒಂದು ವರ್ಗಾವಣೆ ಒಂದೇ ತಂತಿಯಲ್ಲಿ ಹೋಗುತ್ತದೆ. ವೇಗವೇ ಬೇಕಿದ್ದರೆ 2.5 ಗಿಗಾಬಿಟ್ ಪೋರ್ಟ್‌ನ ಸ್ವಿಚ್ ತನ್ನಿ, ಗೋಡೆಯೊಳಗಿನ ಕ್ಯಾಟ್5ಇ ಕೇಬಲ್ಲೇ 100 ಮೀಟರ್‌ವರೆಗೆ ಸಾಕು.