ಮಾರ್ಕನ ‘ಯೂಥುಸ್’

2024 ಮಾರ್ಚ್ 9, ಶನಿವಾರ

ಮಧ್ಯಾಹ್ನವೆಲ್ಲ ಬೈಬಲಿನಲ್ಲಿ ಯೇಸುವಿನ ಕಥೆ ಹೇಳುವ ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯವನ್ನು ಗ್ರೀಕಿನಿಂದ ಕನ್ನಡಕ್ಕೆ ತರುವುದರಲ್ಲೇ ಕಳೆಯಿತು. ಗ್ರೀಕ್ ಕಲಿಯುವವರಿಗೆ ಮಾರ್ಕ ಜಾಸ್ತಿ ಕಷ್ಟ ಕೊಡುವವನಲ್ಲ. ಚಿಕ್ಕ ಚಿಕ್ಕ ವಾಕ್ಯಗಳು, ಒಂದರ ಹಿಂದೊಂದು ಓಡುತ್ತವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಯೂಥುಸ್’ ಅನ್ನುವ ಗ್ರೀಕ್ ಪದ. ಇಡೀ ಸುವಾರ್ತೆಯಲ್ಲಿ 40ರಷ್ಟು ಸಲ ಬರುತ್ತದೆ, ಅದರಲ್ಲಿ ಕಾಲುಭಾಗ ಈ ಒಂದೇ ಅಧ್ಯಾಯದಲ್ಲಿ!

ನಿಘಂಟು ತೆರೆದರೆ ‘ಕೂಡಲೇ, ತಕ್ಷಣ’ ಎಂದಿದೆ. ಯೇಸು ಕರೆದಾಗ ಮೀನುಗಾರರಾದ ಸೀಮೋನ, ಅಂದ್ರೆಯ ಕೂಡಲೇ ಬಲೆ ಬಿಟ್ಟು ಅವನ ಹಿಂದೆ ಹೋದರು. ಸರಿ. ಆದರೆ 23ನೇ ವಚನ? ‘ಕೂಡಲೇ ಅವರ ಸಭಾಮಂದಿರದಲ್ಲಿ ದೆವ್ವ ಹಿಡಿದವನೊಬ್ಬ ಇದ್ದ.’ ಕೂಡಲೇ ಬರಬಹುದು, ಹೋಗಬಹುದು. ಕೂಡಲೇ ‘ಇರುವುದು’ ಹೇಗೆ? ನಮ್ಮಲ್ಲಿ ಕಥೆ ಹೇಳುವವರಾದರೆ ‘ಒಳಗೆ ಹೋಗಿ ನೋಡ್ತಾರೆ, ದೆವ್ವ ಹಿಡಿದವನೊಬ್ಬ ಅಲ್ಲೇ ಇದ್ದಾನೆ’ ಅನ್ನುತ್ತಿದ್ದರು. ಅದೇ ವಾಸಿ.

ಈ ಪದದ ಮೂಲ ಅರ್ಥ ನೇರ, ನೆಟ್ಟಗೆ. ಗ್ರೀಕ್ ಗಣಿತಜ್ಞ ಯೂಕ್ಲಿಡ್‌ನ ಸರಳರೇಖೆಯ ಹೆಸರಲ್ಲೂ ಇದೇ ಪದ. ಮಾರ್ಕನ 3ನೇ ವಚನದಲ್ಲಿ ‘ದಾರಿಗಳನ್ನು ನೆಟ್ಟಗೆ ಮಾಡಿರಿ’ ಅನ್ನುವ ಕಡೆಯೂ ಇದೇ. ನಮ್ಮ ‘ಸೀದಾ’ ಹೀಗೇ ಅಲ್ವಾ? ‘ಆಫೀಸಿಂದ ಸೀದಾ ಮನೆಗೆ ಬಾ’ ಅಂದರೆ ಓಡಿ ಬಾ ಅಂತಲ್ಲ, ನಡುವೆ ಎಲ್ಲೂ ನಿಲ್ಲಬೇಡ ಅಂತ. 29ನೇ ವಚನಕ್ಕೆ ಇದು ಚೆನ್ನಾಗಿ ಕೂರುತ್ತದೆ: ಸಭಾಮಂದಿರದಿಂದ ಹೊರಟು ಸೀದಾ ಸೀಮೋನನ ಮನೆಗೆ ಹೋದರು. ಆದರೆ 14ನೇ ಅಧ್ಯಾಯದಲ್ಲಿ ಪೇತ್ರ (ಇದೇ ಸೀಮೋನ) ಯೇಸುವಿನ ಬಗ್ಗೆ ‘ಆ ಮನುಷ್ಯನನ್ನು ನಾನರಿಯೆ’ ಅಂದಾಗ ಕೋಳಿ ಕೂಗುತ್ತದೆ. ಅಲ್ಲಿ ‘ಸೀದಾ’ ನಡೆಯುವುದಿಲ್ಲ, ‘ಕೂಡಲೇ’ ಅಂತಲೇ ಬೇಕು. ಎಲ್ಲ ಕಡೆಗೂ ಒಂದೇ ಕನ್ನಡ ಪದ ಇಡುತ್ತೇನೆ ಅನ್ನುವ ಹಟ ಇಲ್ಲಿಗೆ ಬಿಟ್ಟೆ.

20ನೇ ವಚನ ಮಾತ್ರ ಇನ್ನೂ ಬಿಡುತ್ತಿಲ್ಲ. ಯೇಸು ಯಾಕೋಬ, ಯೋಹಾನರನ್ನು ಕಂಡ. ‘ಕೂಡಲೇ ಅವರನ್ನು ಕರೆದ’. ಅವರು ತಂದೆ ಜೆಬೆದಾಯನನ್ನು ಕೂಲಿಯಾಳುಗಳ ಜೊತೆ ದೋಣಿಯಲ್ಲೇ ಬಿಟ್ಟು ಹೋದರು. ಇನ್ನೊಂದು ಸುವಾರ್ತೆಯ ಮತ್ತಾಯ ಮಾರ್ಕನನ್ನು ಮುಂದಿಟ್ಟುಕೊಂಡೇ ಬರೆದ ಅನ್ನುವುದು ಬಹುಪಾಲು ವಿದ್ವಾಂಸರ ಮಾತು. ಅವನು ಇದೇ ಪ್ರಸಂಗ ಹೇಳುವಾಗ ‘ಕೂಡಲೇ’ಯನ್ನು ಸುಮ್ನೆ ಮುಂದಕ್ಕೆ ಸರಿಸಿಬಿಟ್ಟ: ಕರೆದ, ಅವರು ಕೂಡಲೇ ದೋಣಿ ಬಿಟ್ಟು ಹೋದರು. ಮಾರ್ಕನಲ್ಲಿ ಅವಸರ ಕರೆಯುವವನದು, ಮತ್ತಾಯನಲ್ಲಿ ಹೊರಡುವವರದು. ಕನ್ನಡದಲ್ಲಿ ‘ಕೂಡಲೇ’ಯನ್ನು ವಾಕ್ಯದ ಯಾವ ಮೂಲೆಯಲ್ಲಿಟ್ಟರೂ ನಡೆಯುತ್ತದೆ, ನಿಜ. ಇಲ್ಲಿ ಮಾತ್ರ ‘ಕರೆದ’ ಪಕ್ಕಕ್ಕೇ ಅಂಟಿಸಿಡಬೇಕು.