ಬೆಂಗಳೂರಿನ ಚಳಿ ಮತ್ತು ನಮ್ಮ ಲಾಯದ ಕುದುರೆಗಳು

ಬಸವನಗುಡಿಯ ಕಡಲೆಕಾಯಿ ಪರಿಷೆ ಮುಗಿಯುತ್ತಿದ್ದಂತೆ ಯಲಹಂಕದಾಚೆಯ ನಮ್ಮ ಲಾಯದಲ್ಲಿ ಚಳಿಯ ಚಿಂತೆ ಶುರುವಾಗುತ್ತದೆ. ಮಾಲೀಕರು ಕರೆ ಮಾಡಿ, ಕುದುರೆಗೆ ಇನ್ನೂ ದಪ್ಪನೆಯ ಜೂಲು (ಮೈಹೊದಿಕೆ) ಹೊದಿಸಿ ಎನ್ನುತ್ತಾರೆ; ಹೊಸದಾಗಿ ಸೇರಿದ, ಕುದುರೆಗಳ ಆರೈಕೆ ಮಾಡುವ ಸೈಸ್‌ಗಳು ಕತ್ತಲಾಗುತ್ತಲೇ ಟಾರ್ಪಾಲಿನ್ ಇಳಿಬಿಟ್ಟು ಲಾಯವನ್ನು ಎಲ್ಲ ಕಡೆಯಿಂದಲೂ ಮುಚ್ಚಲು ಮುಂದಾಗುತ್ತಾರೆ. ಎಲ್ಲರದೂ ಕಾಳಜಿಯೇ. ಆದರೆ ಲಾಯದ ಮೇಲ್ವಿಚಾರಕಿಯಾಗಿ ನಾನು ಕಂಡುಕೊಂಡದ್ದೇನೆಂದರೆ, ಆರೋಗ್ಯವಾಗಿರುವ ಕುದುರೆಯನ್ನು ನಮ್ಮ ಊರಿನ ಚಳಿ ಬಾಧಿಸುವುದು ಅಪರೂಪ. ಚಳಿಗೆ ಹೆದರಿ ನಾವು ಮಾಡುವ ಏರ್ಪಾಡುಗಳೇ ಹೆಚ್ಚಾಗಿ ಬಾಧಿಸುತ್ತವೆ.

ಜನವರಿಯ ಬೆಳಗಿನ ಜಾವ ಇಲ್ಲಿ ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಬೆಂಗಳೂರಿನ ದಾಖಲೆಯ ಕನಿಷ್ಠ ತಾಪಮಾನವೇ 1884ರ ಜನವರಿಯ 7.8 ಡಿಗ್ರಿ. ಮೈತುಂಬಿಕೊಂಡಿರುವ, ಒದ್ದೆಯಾಗದ ವಯಸ್ಕ ಕುದುರೆ ಸುಮಾರು 5 ಡಿಗ್ರಿಯವರೆಗೂ ವಿಶೇಷ ಶ್ರಮವಿಲ್ಲದೆ ಮೈಬಿಸಿ ಕಾಯ್ದುಕೊಳ್ಳುತ್ತದೆ, ಏಕೆಂದರೆ ಅದರ ಕೂದಲು ನಿಮಿರಿ ನಿಂತು ನಡುವೆ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಮರಿಗಳು, ಹಲ್ಲು ಸವೆದ ಮುದಿ ಕುದುರೆಗಳು, ಬಡಕಲಾದವು, ಕೂದಲು ಕತ್ತರಿಸಿಕೊಂಡವು ಇದಕ್ಕೆ ಹೊರತು. ಇವುಗಳಿಗೆ ಜೂಲು ಬೇಕು.

ನನ್ನ ನಿಜವಾದ ಆತಂಕವಿರುವುದು ನೀರಿನ ವಿಷಯದಲ್ಲಿ. 500 ಕಿಲೋ ತೂಕದ ಕುದುರೆಗೆ ದಿನಕ್ಕೆ 25ರಿಂದ 40 ಲೀಟರ್ ನೀರು ಬೇಕಾಗುತ್ತದೆ. ಚಳಿಗಾಲದಲ್ಲಿ ಹಸಿ ಹುಲ್ಲು ಕಡಿಮೆಯಾಗಿ ಒಣಹುಲ್ಲು ಹೆಚ್ಚುವುದರಿಂದ ಕುಡಿಯುವ ನೀರಿನ ಅಗತ್ಯ ಇನ್ನಷ್ಟು ಏರುತ್ತದೆ. ಆದರೆ ರಾತ್ರಿಯಿಡೀ ಸಿಮೆಂಟ್ ತೊಟ್ಟಿಯಲ್ಲಿ ನಿಂತು ಕೊರೆಯುವ ನೀರಿಗೆ ಕುದುರೆ ಮೂತಿ ತಾಗಿಸಿ ಹಿಂದೆ ಸರಿಯುತ್ತದೆ. ನೀರು ಸಾಲದಿದ್ದರೆ ಮೇವು ದೊಡ್ಡ ಕರುಳಿನಲ್ಲಿ ಗಟ್ಟಿಯಾಗಿ ಕಟ್ಟಿಕೊಂಡು ಹೊಟ್ಟೆಶೂಲೆ ಬರುತ್ತದೆ. ಕುದುರೆಗೆ ವಾಂತಿ ಮಾಡಲು ಆಗದು ಎಂಬುದನ್ನು ನೆನೆದರೆ ಈ ಶೂಲೆ ಎಷ್ಟು ಅಪಾಯಕಾರಿ ಎಂದು ತಿಳಿಯುತ್ತದೆ. ಆದ್ದರಿಂದ ನಮ್ಮಲ್ಲಿ ಬೆಳಿಗ್ಗೆ ಮತ್ತು ರಾತ್ರಿ ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರು ಇಡುತ್ತೇವೆ, ಎಷ್ಟು ಕುಡಿಯಿತೆಂದು ಬರೆದಿಡುತ್ತೇವೆ, ಮೇವಿಗೆ ದಿನವೂ ಉಪ್ಪು ಬೆರೆಸುತ್ತೇವೆ. ತೊಟ್ಟಿಗೆ ನಲ್ಲಿ ತಿರುಗಿಸಿಬಿಟ್ಟರೆ ಕೆಲಸ ಹಗುರವಾಗುತ್ತದೆ ನಿಜ, ಆದರೆ ಯಾವ ಕುದುರೆ ಕುಡಿಯಲಿಲ್ಲ ಎಂಬುದು ಆಗ ಯಾರಿಗೂ ಗೊತ್ತಾಗುವುದಿಲ್ಲ.

ಚಳಿಯೆಂದು ಹುರುಳಿ, ಓಟ್ಸ್‌ಗಳನ್ನು ಒಮ್ಮೆಗೇ ಹೆಚ್ಚಿಸುವುದನ್ನೂ ನಾನು ಒಪ್ಪುವುದಿಲ್ಲ. ನಾರಿನ ಮೇವು ದೊಡ್ಡ ಕರುಳಿನಲ್ಲಿ ಹುದುಗುವಾಗ ಹುಟ್ಟುವ ಶಾಖವೇ ಕುದುರೆಯನ್ನು ಗಂಟೆಗಟ್ಟಲೆ ಬೆಚ್ಚಗಿಡುತ್ತದೆ. ಕಾಳಿನ ಪ್ರಮಾಣವನ್ನು ಹಾಗೆಯೇ ಉಳಿಸಿಕೊಂಡು ರಾತ್ರಿಯ ಒಣಹುಲ್ಲನ್ನು ಹೆಚ್ಚಿಸಿದರೆ ಸಾಕು.

ಇನ್ನು ಗಾಳಿ. ಮುಚ್ಚಿದ ಲಾಯದಲ್ಲಿ ಮೂತ್ರದಿಂದೇಳುವ ಅಮೋನಿಯ ನೆಲದ ಹತ್ತಿರವೇ ಹೆಚ್ಚಾಗಿರುತ್ತದೆ, ಕುದುರೆ ಮೇಯುವಾಗಲೂ ಮಲಗಿದಾಗಲೂ ಮೂಗು ಇರುವುದು ಅಲ್ಲಿಯೇ. ನಿಂತವರಿಗೆ ಬಾರದ ಘಾಟು ಕುಕ್ಕರಗಾಲಿನಲ್ಲಿ ಕುಳಿತರೆ ಬರುತ್ತದೆ. ನಮ್ಮ ಹಿರಿಯ ಸೈಸ್ ಹುಡುಗರಿಗೆ ಕಲಿಸುವುದೇ ಹೀಗೆ: "ಬಾಪ್ಪ, ಇಲ್ಲಿ ಕೂತ್ಕೊಂಡು ಒಂದು ಸಲ ಉಸಿರು ಎಳ್ಕೊ, ಆಮೇಲೆ ಟಾರ್ಪಾಲಿನ್ ಮಾತಾಡೋಣ." ಒದ್ದೆ ಹಾಸನ್ನು ಸಂಜೆ ಮತ್ತೊಮ್ಮೆ ತೆಗೆಸುತ್ತೇವೆ, ದೂಳು ಏಳುವ ಹುಲ್ಲನ್ನು ನೆನೆಸಿ ಕೊಡುತ್ತೇವೆ, ಗಾಳಿ ನೇರವಾಗಿ ಬೀಸುವ ಒಂದು ಬದಿಗೆ ಮಾತ್ರ ಮರೆ ಕಟ್ಟಿ, ಮಾಡಿನ ಕೆಳಗಿನ ಸಂದುಗಳನ್ನು ತೆರೆದೇ ಬಿಡುತ್ತೇವೆ.

ಜೂಲು ಹೊದಿಸಿದ ಕುದುರೆಯನ್ನು ಹಗಲಿನಲ್ಲಿ ಮರೆಯಬಾರದು. ಬೆಳಿಗ್ಗೆ ಆರಕ್ಕೆ ಹಿತವೆನಿಸಿದ ಜೂಲು ಹನ್ನೊಂದರ ಬಿಸಿಲಿನಲ್ಲಿ ಬೆವರಿಳಿಸುತ್ತದೆ. ಬೆವರಿದ ಕೂದಲು ಮೈಗಂಟಿ ಗಾಳಿ ಹಿಡಿಯಲಾರದೆ ಹೋಗಿ, ಸಂಜೆಯ ಹೊತ್ತಿಗೆ ಕುದುರೆ ನಿಜಕ್ಕೂ ನಡುಗುತ್ತದೆ. ಭುಜದ ಹಿಂದೆ ಜೂಲಿನೊಳಗೆ ಕೈ ತೂರಿಸಿ ನೋಡಿ. ಒಣಗಿ ಬೆಚ್ಚಗಿದ್ದರೆ ಸರಿ, ತೇವವಿದ್ದರೆ ತೆಗೆಯಬೇಕು. ಸವಾರಿಯ ನಂತರವೂ ಉಸಿರು ತಹಬಂದಿಗೆ ಬರುವವರೆಗೆ ನಡೆಸಿ, ಒಣ ಹುಲ್ಲಿನಿಂದ ಮೈ ಉಜ್ಜಿ ಒಣಗಿಸಿದ ಮೇಲೆಯೇ ಲಾಯದೊಳಗೆ ಕಟ್ಟುತ್ತೇವೆ. ಈ ತಿಂಗಳುಗಳಲ್ಲಿ ಸಂಜೆಯ ಸ್ನಾನ ನಮ್ಮಲ್ಲಿ ಇಲ್ಲ.

ರಾತ್ರಿ ಪಾಳಿಯವರಿಗೆ ನಾನು ಕೊಟ್ಟಿರುವ ಸೂಚನೆ ಇಷ್ಟು. ಲದ್ದಿ ಕಡಿಮೆಯಾಗಿ ಸಣ್ಣಗೆ, ಗಟ್ಟಿಯಾಗಿ ಬೀಳುತ್ತಿದ್ದರೆ, ಕುದುರೆ ಮೇವು ಬಿಟ್ಟು ಪಕ್ಕೆಯ ಕಡೆ ತಿರುಗಿ ನೋಡುತ್ತಿದ್ದರೆ, ನೆಲ ಕೆರೆಯುತ್ತಿದ್ದರೆ, ನಾಡಿ ಎಣಿಸಬೇಕು. ಆರೋಗ್ಯವಂತ ಕುದುರೆ ವಿಶ್ರಾಂತಿಯಲ್ಲಿದ್ದಾಗ ನಿಮಿಷಕ್ಕೆ 28ರಿಂದ 44ರವರೆಗೆ ಬಡಿಯುತ್ತದೆ, ಮೈಬಿಸಿ 37.5ರಿಂದ 38.5 ಡಿಗ್ರಿಯೊಳಗಿರುತ್ತದೆ. ನಾಡಿ 60 ದಾಟಿದರೆ ಪರಿಸ್ಥಿತಿ ಗಂಭೀರ. ಆದರೆ ಅಲ್ಲಿಯವರೆಗೆ ಕಾಯದೆ, ಮೇವನ್ನು ತೆಗೆದಿಟ್ಟು, ಗಂಟೆ ಎರಡಾಗಿದ್ದರೂ ಮೊದಲು ಪಶುವೈದ್ಯರಿಗೆ, ನಂತರ ನನಗೆ ಕರೆ ಮಾಡಬೇಕು.