ಹಳೇ ಬೇರ್ ಬಿಲ್ಲಿನ ಠೇಂಕಾರ ಇಳಿಸಿದ್ದು

ಮೊದಲ್ನೇ ಬಾಣ ಬಿಟ್ಟಾಗ ಈ ಬಿಲ್ಲು ಮಾಡಿದ ಸದ್ದು ಇನ್ನೂ ಕಿವೀಲಿದೆ. ಟಣ್ಣ್ ಅಂತ ಒಂದು ಹೊಡೆತ, ಆಮೇಲೆ ಎಡಗೈ ಮೊಣಕೈವರೆಗೂ ಜುಮ್ ಅಂತು. ಸಾಗರದ ಕಡೆ ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳೆದವನು ನಾನು, ಅರ್ಜುನ ಗಾಂಡೀವದ ಹೆದೆ ಮಿಡಿದ್ರೆ ದಿಕ್ಕೆಲ್ಲ ನಡುಗ್ತವೆ ಅಂತ ಕೇಳಿ ಕೇಳಿ ಠೇಂಕಾರ ಅಂದ್ರೇನೇ ಬಿಲ್ಲಿನ ಶಕ್ತಿ ಅಂತ ತಲೇಲಿ ಕೂತ್ಬಿಟ್ಟಿತ್ತು. ಹಾಗಾಗಿ ಖುಷೀನೇ ಆಯ್ತು. ಕ್ಲಬ್ಬಲ್ಲಿ ಪಕ್ಕ ನಿಂತಿದ್ದ ಹಿರಿಯರೊಬ್ರು, ಐವತ್ತು ವರ್ಷದಿಂದ ಬಿಲ್ಲು ಹಿಡಿದಿರೋರು, ನನ್ನ ಮುಖ ನೋಡಿ ನಿಧಾನಕ್ಕೆ ಹೇಳಿದ್ರು: ಆ ಸದ್ದು ಬಾಣಕ್ಕೆ ಸೇರ್ಬೇಕಾಗಿದ್ದ ಶಕ್ತಿ ಕಣಪ್ಪಾ, ಬಾಣಕ್ಕೆ ಹೋಗ್ದೆ ಬಿಲ್ಲಿಗೂ ನಿನ್ನ ಕೈಗೂ ಬಡೀತಾ ಇದೆ, ಹಳೇ ಬಿಲ್ಲು, ಹೀಗೇ ಬಿಟ್ರೆ ಜಾಸ್ತಿ ದಿನ ಬಾಳಲ್ಲ.

ಅವತ್ತಿಂದ ನಾಲ್ಕು ತಿಂಗಳು ಆ ಸದ್ದು ಇಳಿಸೋದೇ ನನ್ನ ಕೆಲಸ ಆಗಿತ್ತು.

ಬಿಲ್ಲು ಸಿಕ್ಕಿದ್ದು ನಮ್ಮನೆಯಿಂದ ಹತ್ತು ಮೈಲಿ ದೂರದ ಒಂದು ಎಸ್ಟೇಟ್ ಸೇಲ್‌ನಲ್ಲಿ, ಅಂದ್ರೆ ಮನೆ ಸಾಮಾನೆಲ್ಲ ಮಾರಿ ಖಾಲಿ ಮಾಡೋ ಕಡೆ. ನಾವಿರೋದು ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕ, ಇಲ್ಲಿರೋ ಅರ್ಧಕ್ಕರ್ಧ ಕನ್ನಡದವರ ಥರ ನಾನೂ ಕಾರ್ ಕಂಪನಿ ಕೆಲಸಕ್ಕೇ ಬಂದವನು. ಗ್ಯಾರೇಜಿನ ಗೋಡೆ ಮೂಲೇಲಿ ಒರಗಿಸಿಟ್ಟಿದ್ರು, ಬೇರ್ ಕಂಪನಿಯ 58 ಇಂಚಿನ ಗ್ರಿಜ್ಲಿ ರಿಕರ್ವ್, ಅಂದ್ರೆ ತುದಿಗಳು ಮುಂದಕ್ಕೆ ಬಾಗಿರೋ ಬಿಲ್ಲು, ಎಂಬತ್ತು ಡಾಲರ್. ಲಿಂಬ್ ಮೇಲೆ, ಅಂದ್ರೆ ಹಿಡಿಯಿಂದಾಚೆ ಬಾಗೋ ತೋಳಿನ ಮೇಲೆ, ಕೆನಡಾ ಪೇಟೆಂಟ್ 1953 ಅಂತ ಬರೆದಿರೋದನ್ನ ನೋಡಿ ಮಾರೋರು 1953ರ ಬಿಲ್ಲು ಅಂತ ಚೀಟಿ ಅಂಟಿಸಿದ್ರು. ತುಂಬಾ ಜನ ಇಲ್ಲೇ ಎಡವ್ತಾರೆ, ಅದು ಪೇಟೆಂಟ್ ಆದ ವರ್ಷ ಅಷ್ಟೇ, ಆಮೇಲೆ ಎಷ್ಟೋ ವರ್ಷ ಅದೇ ಸಾಲನ್ನ ಬಿಲ್ಲುಗಳ ಮೇಲೆ ಹಾಕ್ತಾನೇ ಇದ್ರು. 1965ರಿಂದ 1969ರವರೆಗೆ ಮಾಡಿದ ಬೇರ್ ಬಿಲ್ಲುಗಳಲ್ಲಿ ಸೀರಿಯಲ್ ನಂಬರಿನ ಮೊದಲ ಅಂಕಿನೇ ವರ್ಷ. ನಂದ್ರಲ್ಲಿ 8 ಇತ್ತು. ಹಿಡಿ ಪಕ್ಕ ಮರಕ್ಕೆ ಸಮವಾಗಿ ಕೂರಿಸಿದ ಹಿತ್ತಾಳೆ ನಾಣ್ಯನೂ ಅದೇ ಕಾಲದ್ದು. ಅಂದ್ರೆ 1968.

ಈ ಕಂಪನಿ ಶುರುವಾಗಿದ್ದೂ ಡೆಟ್ರಾಯಿಟ್‌ನಲ್ಲೇ ಅಂತ ಗೊತ್ತಾದಾಗ ಬಿಲ್ಲಿನ ಮೇಲೆ ಇನ್ನೂ ಅಕ್ಕರೆ ಬಂತು. ಫ್ರೆಡ್ ಬೇರ್ ಕಾರ್ ಫ್ಯಾಕ್ಟರಿಗಳಲ್ಲಿ ಕೆಲಸ ಮಾಡ್ತಾ ಇದ್ದವರು, ಪ್ಯಾಕರ್ಡ್ ಕಂಪನೀಲಿ ಪ್ಯಾಟರ್ನ್ ಮೇಕರ್, ಅಂದ್ರೆ ಅಚ್ಚಿಗೆ ಮಾದರಿ ಮಾಡೋರು, ಆಗಿದ್ರು, 1933ರಲ್ಲಿ ಸ್ವಂತ ಕಂಪನಿ ಶುರು ಮಾಡಿದಾಗ ಕಾರ್ ಕಂಪನಿಗಳಿಗೆ ಜಾಹೀರಾತು ಪ್ರಿಂಟ್ ಮಾಡಿಕೊಡ್ತಾ ಒಂದು ಮೂಲೇಲಿ ಬಿಲ್ಲು ಮಾಡ್ತಾ ಇದ್ರಂತೆ. 1947ರಲ್ಲಿ ಉತ್ತರದ ಗ್ರೇಲಿಂಗ್ ಅನ್ನೋ ಸಣ್ಣ ಊರಿಗೆ ಫ್ಯಾಕ್ಟರಿ ಹೋಯ್ತು, 1978ರಲ್ಲಿ ಅಲ್ಲಿಂದ ಫ್ಲಾರಿಡಾಗೆ. ಹಾಗಾಗಿ ನನ್ನ ಬಿಲ್ಲು ಗ್ರೇಲಿಂಗ್‌ದು. ಮೇಪಲ್ ಪಟ್ಟಿ ಮೇಲೆ ಕೆಳಗೆ ಫೈಬರ್ ಗ್ಲಾಸ್ ಅಂಟಿಸಿ ಮಾಡಿದ್ದು, ಒಂದೇ ತುಂಡು, ಬಿಚ್ಚೋಕೆ ಒಂದು ಸ್ಕ್ರೂ ಕೂಡ ಇಲ್ಲ.

ಈ ಸ್ಕ್ರೂ ಇಲ್ಲದೇ ಇರೋದೇ ದೊಡ್ಡ ವಿಷಯ. ಈಗಿನ ಒಲಿಂಪಿಕ್ ಬಿಲ್ಲಲ್ಲಿ ಬೋಲ್ಟ್ ತಿರುಗಿಸಿ ಪೌಂಡೇಜ್, ಅಂದ್ರೆ ಎಳೆಯೋಕೆ ಬೇಕಾದ ಬಲ, ಬದಲಾಯಿಸ್ಬಹುದು, ಬಾಣದ ಪಕ್ಕಕ್ಕೆ ಒತ್ತೋ ಪ್ಲಂಜರಿನ ಸ್ಪ್ರಿಂಗ್ ಬಿಗಿ ಮಾಡ್ಬಹುದು, ಇದ್ರಲ್ಲಿ ಅದ್ಯಾವುದೂ ಆಗಲ್ಲ, ಬಿಲ್ಲು ಇದ್ದ ಹಾಗೇ ಇರುತ್ತೆ, ಹೆದೆ, ಬಾಣ, ನಮ್ಮ ಕೈ ಇವೇ ಅದಕ್ಕೆ ಹೊಂದ್ಕೋಬೇಕು. ನಂಗೆ ಇದು ಅರ್ಥ ಆಗೋಕೇ ಎರಡು ತಿಂಗಳು ಹಿಡೀತು.

ಹಳೇ ಬಿಲ್ಲು ಕೈಗೆ ಬಂದ ತಕ್ಷಣ ಎಳೀಬೇಡಿ, ದಯವಿಟ್ಟು. ನಾನು ಮೊದಲು ಮಾಡಿದ್ದು ಹತ್ತಿ ಉಂಡೆ ತಗೊಂಡು ಎರಡೂ ಲಿಂಬ್ ಮೇಲೆ, ಅಂಚಿನ ಮೇಲೆ ಮೆತ್ತಗೆ ಉಜ್ಜಿದ್ದು, ಗ್ಲಾಸ್ ಎಲ್ಲಾದ್ರೂ ಎದ್ದಿದ್ರೆ ಹತ್ತಿ ಎಳೆ ಸಿಕ್ಕಾಕೊಳ್ಳುತ್ತೆ. ವಾರ್ನಿಶ್‌ನಲ್ಲಿ ಜೇಡರ ಬಲೆ ಥರ ಸಣ್ಣ ಬಿರುಕು ಕಂಡ್ರೆ ಸಾಮಾನ್ಯವಾಗಿ ಭಯ ಇಲ್ಲ, ಉದ್ದಕ್ಕೆ ಹೋಗೋ ಗೆರೆಗಳೂ ಬಹುತೇಕ ಪರವಾಗಿಲ್ಲ, ಆದ್ರೆ ಅಡ್ಡಕ್ಕೆ ಬಿರುಕು ಇದ್ರೆ ಅಥವಾ ಪಟ್ಟಿಗಳ ಮಧ್ಯ ಅಂಟು ಬಿಟ್ಟಿದ್ರೆ ಆ ಬಿಲ್ಲನ್ನ ಗೋಡೆಗೆ ನೇತು ಹಾಕಿ ಅಷ್ಟೇ, ಎಳೆದು ಮುರಿದ್ರೆ ಚೂರು ಮುಖಕ್ಕೇ ಬರುತ್ತೆ. ನಂದ್ರಲ್ಲಿ ಬಿರುಕಿರ್ಲಿಲ್ಲ, ಕೆಳಗಿನ ಲಿಂಬ್ ಮಾತ್ರ ಸ್ವಲ್ಪ ತಿರುಚಿತ್ತು. ವರ್ಷಗಟ್ಟಲೆ ಮೂಲೇಲಿ ಒರಗಿಸಿಟ್ಟಿದ್ದಕ್ಕೋ, ಕಾಲು ತೂರಿಸಿ ಹೆದೆ ಏರಿಸಿದ್ದಕ್ಕೋ ಹಾಗಾಗಿರ್ಬೇಕು. ಬಿಸಿ ನೀರಲ್ಲಿ ಅದ್ದಿದ ಟವೆಲ್ ಸುತ್ತಿ ಬೆಚ್ಚಗಾದ್ಮೇಲೆ ಉಲ್ಟಾ ದಿಕ್ಕಿಗೆ ಮೆಲ್ಲಗೆ ತಿರುಚಿ, ತಣ್ಣಗಾಗೋವರೆಗೂ ಹಿಡ್ಕೊಂಡು ಕೂತೆ, ಮೂರು ಭಾನುವಾರ ಹೀಗೆ ಮಾಡಿದ್ಮೇಲೆ ಹೆದೆ ನೆಟ್ಟಗೆ ಲಿಂಬಿನ ತೋಡಿನಲ್ಲಿ ಕೂರ್ತು. ಹೆದೆ ಏರಿಸೋಕೆ ಈಗ ಸ್ಟ್ರಿಂಗರ್ ಹಗ್ಗ ಬಿಟ್ರೆ ಬೇರೇನೂ ಬಳಸಲ್ಲ, ಇಳಿಸಿದ್ಮೇಲೆ ಎರಡು ಗೂಟದ ಮೇಲೆ ಅಡ್ಡ ಇಡ್ತೀನಿ, ಬೇಸಿಗೇಲಿ ಕಾರ್ ಒಳಗೆ ಬಿಡಲ್ಲ.

ಆಮೇಲೆ ಹೆದೆ. ಬಿಲ್ಲಿನ ಜೊತೆ ಬಂದ ಹೆದೆ ತೆಗೆದು ಎಸೆದೆ, ಅದನ್ನ ಉಲ್ಟಾ ಹಾಕಿದ್ರು ಬೇರೆ, ದೊಡ್ಡ ಕುಣಿಕೆ ಮೇಲಿನ ಲಿಂಬಿಗೆ ಬರ್ಬೇಕು, ಬಿಲ್ಲು ಇಳಿಸಿದಾಗ ಜಾರಿ ಕೆಳಗೆ ಕೂರೋಕೆ. 58 ಇಂಚಿನ ಬಿಲ್ಲಿಗೆ ಹೆದೆ 54 ಇಂಚು. ಈಗಿನ ಫಾಸ್ಟ್ ಫ್ಲೈಟ್ ಥರದ ಹೆದೆ ವೇಗ ಕೊಡುತ್ತೆ ನಿಜ, ಆದ್ರೆ ಅದು ಹಿಗ್ಗಲ್ಲ, ಬಾಣ ಬಿಟ್ಟಾಗ ಬೀಳೋ ಪೆಟ್ಟೆಲ್ಲ ಲಿಂಬಿನ ತುದಿಗೆ ಹೋಗುತ್ತೆ, ಆ ಕಾಲದ ತುದಿಗಳನ್ನ ಅದಕ್ಕಂತ ಗಟ್ಟಿ ಮಾಡಿರ್ಲಿಲ್ಲ. ಹಾಗಾಗಿ ಸ್ವಲ್ಪ ಹಿಗ್ಗೋ ದಾರ, ಡೇಕ್ರಾನ್ ಬಿ-50, 14 ಎಳೆ. ಇದ್ರಲ್ಲಿ ರಾಜಿ ಇಲ್ಲ.

ಹೆದೆಗೂ ಹಿಡಿಗೂ ಇರೋ ದೂರ, ಬ್ರೇಸ್ ಹೈಟ್ ಅಂತಾರಲ್ಲ, ಸದ್ದಿನ ಮುಕ್ಕಾಲು ಪಾಲು ಕಥೆ ಅಲ್ಲಿದೆ. ಏಳೂಕಾಲು ಇಂಚಿಂದ ಶುರು ಮಾಡ್ದೆ. ಹೆದೆಗೆ ಮೂರು ಸುತ್ತು ಹಾಕೋದು, ಅಷ್ಟಕ್ಕೆ ಚೂರು ಗಿಡ್ಡ ಆಗಿ ದೂರ ಹೆಚ್ಚುತ್ತೆ, ಆರು ಬಾಣ ಬಿಡೋದು, ಕಣ್ಣು ಗುರಿ ಮೇಲಿದ್ರೂ ಮನಸ್ಸೆಲ್ಲ ಕಿವೀಲಿ, ಪುಸ್ತಕದಲ್ಲಿ ಬರ್ಕೊಳ್ಳೋದು, ಮತ್ತೆ ಮೂರು ಸುತ್ತು. ತಬಲ ಶ್ರುತಿ ಮಾಡೋರು ಸುತ್ತಿಗೇಲಿ ಮೆಲ್ಲಗೆ ತಟ್ಟಿ ತಟ್ಟಿ ಕಿವಿ ಕೊಟ್ಟು ಕೇಳ್ತಾರಲ್ಲ, ಅದೇ ಕೆಲಸ. ಏಳೂವರೇಲಿ ಟಣ್ಣ್ ಸ್ವಲ್ಪ ದಪ್ಪ ಆಯ್ತು, ಏಳೂಮುಕ್ಕಾಲಲ್ಲಿ ಕೈ ಜುಮ್ಮು ಕಮ್ಮಿ ಆಯ್ತು, ಎಂಟು ಇಂಚು ದಾಟಿ ಚೂರು ಮೇಲೆ ಹೋದಾಗ ಧಪ್ ಅಂತ ಒಂದೇ ಸದ್ದು. ಇನ್ನೂ ಮೇಲೆ ಹೋದ್ರೆ ಮತ್ತೆ ಕರಕರ. ಹಾಗಾಗಿ ಎಂಟರ ಹತ್ರ ನಿಲ್ಲಿಸ್ದೆ. ಹೊಸ ಡೇಕ್ರಾನ್ ಮೊದಲ ವಾರ ಹಿಗ್ತಾ ಇರುತ್ತೆ, ದಿನಾ ಅಳೀಬೇಕು, ನಾನು ಅಳೀದೆ ಎರಡು ದಿನ ಸುಮ್ನೆ ಬಾಣದ ಮೇಲೆ ಅನುಮಾನ ಪಟ್ಟೆ.

ಸದ್ದು ಅರ್ಧ ಇಳಿದ್ರೂ ಬಾಣ ಮಾತ್ರ ಮೀನಿನ ಥರ ಬಾಲ ಆಡಿಸ್ಕೊಂಡು ಹೋಗ್ತಾ ಇತ್ತು. ಬಾಣ ಬಿಲ್ಲಿನ ಪಕ್ಕದಿಂದ ಹೋಗೋದ್ರಿಂದ ಅದು ಬಾಗಿ ಹಿಡಿಯನ್ನ ಬಳಸ್ಕೊಂಡು ಹೋಗ್ಬೇಕು. ಎಷ್ಟು ಬಾಗ್ಬೇಕೋ ಅಷ್ಟೇ ಬಾಗ್ಬೇಕು, ಅದಕ್ಕೇ ಸ್ಪೈನ್ ಅನ್ನೋದು. ಬಿಲ್ಲಿನ ಮೇಲೆ 45 ಪೌಂಡ್ ಅಂತಿದೆ, ಆದ್ರೆ ಅದು 28 ಇಂಚು ಎಳೆದಾಗ, ನಾನು ಎಳೆಯೋದು ಇಪ್ಪತ್ತಾರೂವರೆ, ತಕ್ಕಡಿಗೆ ಹಾಕಿ ನೋಡಿದ್ರೆ 41 ಬಂತು. ನಾನು 45ಕ್ಕೆ ಲೆಕ್ಕ ಹಾಕಿ 500 ಸ್ಪೈನ್ ಕಾರ್ಬನ್ ಬಾಣ ತಂದಿದ್ದೆ. ಸ್ಪೈನ್ ನಂಬರ್ ಜಾಸ್ತಿ ಆದಷ್ಟೂ ಬಾಣ ಮೆತ್ತಗೆ.

ಇದನ್ನ ಬಯಲು ಮಾಡಿದ್ದು ಬೋಳು ಬಾಣ. ಗರಿ ಇರೋ ಮೂರು ಬಾಣ, ಗರಿ ಕಿತ್ತ ಎರಡು ಬಾಣ, ಹದಿನೈದು ಗಜದಿಂದ ಒಂದೇ ಚುಕ್ಕೆಗೆ. ಗರಿ ತಪ್ಪನ್ನ ತಿದ್ದಿಬಿಡುತ್ತೆ, ಬೋಳು ಬಾಣಕ್ಕೆ ತಿದ್ದೋರಿಲ್ಲ. ನಂದು ಬಲಗೈ ಎಳೆತ, ಬೋಳು ಬಾಣ ಒಂದಡಿ ಎಡಕ್ಕೆ ಹೋಗಿ ಬೀಳ್ತಾ ಇತ್ತು, ಅಂದ್ರೆ ಬಾಣ ವಿಪರೀತ ಗಟ್ಟಿ. ಭಾರದ ಮೊನೆ ಹಾಕ್ದೆ, ಸ್ವಲ್ಪ ಹತ್ರ ಬಂತು, ಸಾಕಾಗ್ಲಿಲ್ಲ. 600 ಸ್ಪೈನ್ ತಂದು ಪೂರ್ತಿ ಉದ್ದಕ್ಕೆ ಬಿಟ್ಟು ನೋಡ್ದೆ, ಈಗ ಬಲಕ್ಕೆ, ಮೆತ್ತಗಾಯ್ತು. ಅಲ್ಲಿಂದ ಕಾಲಿಂಚು ಕಾಲಿಂಚೇ ಕತ್ತರಿಸ್ತಾ ಬಂದೆ, ಕತ್ತರಿಸಿದ್ದನ್ನ ವಾಪಸ್ ಅಂಟಿಸೋಕಾಗಲ್ಲ ಅನ್ನೋದು ಇಲ್ಲಿ ತುಂಬಾ ಮುಖ್ಯ. 29 ಇಂಚಿಗೆ ಬಂದಾಗ ಎರಡೂ ಒಂದೇ ಕಡೆ. 125 ಗ್ರೇನ್ (ಬಾಣ ತೂಗೋ ಸಣ್ಣ ಅಳತೆ) ಮೊನೆ ಸೇರಿ ಬಾಣದ ತೂಕ ಸುಮಾರು 410 ಗ್ರೇನ್, ಪೌಂಡಿಗೆ ಹತ್ತು ಗ್ರೇನ್ ಲೆಕ್ಕ. ಹಗುರ ಬಾಣ ಹಾಕಿದ್ರೆ ಬಿಲ್ಲಿನ ಶಕ್ತಿ ಬಾಣಕ್ಕೆ ಪೂರ್ತಿ ಹೋಗದೆ ಲಿಂಬಲ್ಲೇ ಉಳಿಯುತ್ತೆ, ಆ ಹಿರಿಯರು ಮೊದಲ ದಿನ ಹೇಳಿದ್ದು ಇದನ್ನೇ.

ಮೇಲೆ ಕೆಳಗಿನ ಲೆಕ್ಕಕ್ಕೆ ನಾಕಿಂಗ್ ಪಾಯಿಂಟ್, ಅಂದ್ರೆ ಬಾಣದ ಹಿಂತುದಿಯನ್ನ ಹೆದೆಗೆ ಸಿಕ್ಕಿಸೋ ಜಾಗ. ಬೇಕಾದ್ದಕ್ಕಿಂತ ಮೇಲೇ ಶುರು ಮಾಡಿ, ಬಾಣ ಹೆದೆಗೆ ಸರಿಯಾಗಿ ಚೌಕವಾಗಿ ನಿಲ್ಲೋ ಜಾಗಕ್ಕಿಂತ ಮುಕ್ಕಾಲು ಇಂಚು, ಆಮೇಲೆ ಇಳಿಸ್ತಾ ಬನ್ನಿ. ಬೋಳು ಬಾಣ ಕೆಳಗೆ ಬಿದ್ರೆ ಪಾಯಿಂಟ್ ಮೇಲಿದೆ ಅಂತ. ಕೆಳಗಿಂದ ಶುರು ಮಾಡಿದ್ರೆ ಬಾಣದ ಹಿಂಭಾಗ ಶೆಲ್ಫಿಗೆ, ಅಂದ್ರೆ ಹಿಡಿ ಮೇಲೆ ಬಾಣ ಕೂರೋ ಕಟ್ಟೆಗೆ, ಬಡಿದು ಪುಟಿಯುತ್ತೆ, ನೋಡೋಕೆ ಮೇಲಿದ್ದ ಹಾಗೇ ಕಾಣುತ್ತೆ, ಉಲ್ಟಾ ದಿಕ್ಕಿಗೆ ಹೋಗ್ಬಿಡ್ತೀವಿ. ನಂಗೆ ಅರ್ಧ ಇಂಚಿಗಿಂತ ಕೂದಲೆಳೆ ಮೇಲೆ ನಿಂತಿತು.

ಶೆಲ್ಫಿನ ಹಳೇ ಚರ್ಮ ಸವೆದು ಮರ ಕಾಣ್ತಾ ಇತ್ತು. ಹೊಸ ಚರ್ಮದ ಕೆಳಗೆ, ಹಿಡಿಯ ಗುಳಿ ನೇರಕ್ಕೆ, ಒಂದು ಬೆಂಕಿಕಡ್ಡಿ ತುಂಡು ಇಟ್ಟು ಅಂಟಿಸ್ದೆ, ಬಾಣ ಆ ಒಂದು ಉಬ್ಬಿನ ಮೇಲೆ ಮಾತ್ರ ಕೂರುತ್ತೆ. ಟರ್ಕಿ ಗರೀನೇ ಬೇಕು, ಪ್ಲಾಸ್ಟಿಕ್ ಗರಿ ಶೆಲ್ಫಿಗೆ ತಗುಲಿದ್ರೆ ಮಡಚಲ್ಲ, ಬಾಣವನ್ನೇ ಪಕ್ಕಕ್ಕೆ ಒದೆಯುತ್ತೆ.

ಹೋದ ಶನಿವಾರ ಬೆಳಿಗ್ಗೆ ಹಿತ್ತಲಲ್ಲಿ ಬಾಣ ಬಿಡ್ತಾ ಇದ್ದೆ, ಮಗಳು ಹಿಂದಿನ ಮೆಟ್ಟಿಲ ಮೇಲೆ ಕೂತು ಹೋಮ್‌ವರ್ಕ್ ಬರೀತಾ ಇದ್ಲು. ಮೊದಮೊದಲು ಪ್ರತಿ ಬಾಣಕ್ಕೂ ಬೆಚ್ಚಿ ತಲೆ ಎತ್ತೋಳು. ಮೂರು ಬಾಣ ಆದ್ಮೇಲೆ ಪುಸ್ತಕದಿಂದ ಕಣ್ಣು ತೆಗೀದೇನೇ "ಅಪ್ಪಾ, ಯಾವಾಗ ಶುರು ಮಾಡ್ತೀಯ?" ಅಂದ್ಲು. ನಾನು ಮಾತಾಡ್ದೆ ನಾಲ್ಕನೇದು ಬಿಟ್ಟೆ. ಅವಳಿಗೆ ಕೇಳ್ಸಿದ್ದು ಬಾಣ ಹುಲ್ಲಿನ ಗುರಿಗೆ ನೆಟ್ಟ ಸದ್ದು ಮಾತ್ರ.

ಹೆದೆ ಮಧ್ಯದ ಸರ್ವಿಂಗ್, ಅಂದ್ರೆ ಹೆದೆ ಸವೆಯದ ಹಾಗೆ ಸುತ್ತಿರೋ ದಾರ, ಬೆರಳಿಡೋ ಜಾಗದಲ್ಲಿ ಸಡಿಲ ಆಗ್ತಾ ಇದೆ, ಈ ವಾರ ಹೊಸದಾಗಿ ಸುತ್ತಬೇಕು. ಆಯುಧ ಪೂಜೆ ಹೊತ್ತಿಗೆ ಆಗ್ಬೇಕು, ಕಾರಿನ ಪಕ್ಕ ಈ ಸಲ ಇದಕ್ಕೂ ಅರಿಶಿನ ಕುಂಕುಮ.